ವಿಯೆನ್ನಾಕ್ಕೆ ಮೂರು ದಾರಿ, ಮೂಕಂಡಪಲ್ಲಿಯಲ್ಲಿ ಒಂದು ಬೀಗ

ನಮ್ಮ ಸೊಸೆ ವಿಯೆನ್ನಾಕ್ಕೆ ಹೋದದ್ದು ದೇವರು ಕಣ್ಣು ಬಿಟ್ಟದ್ದರಿಂದ ಅಲ್ಲ, ಕಂಪನಿಯವರ ದೊಡ್ಡ ಮನಸ್ಸಿನಿಂದಲೂ ಅಲ್ಲ. ನಮ್ಮತ್ತೆ ಸಾಯುವ ತನಕ ಹೇಳುತ್ತಿದ್ದ ಹಾಗೆ ಪರಸ್ತಾನದ ಬಲದಿಂದ ಅಂತೂ ಅಲ್ಲವೇ ಅಲ್ಲ. ಬೀಗ ಹಾಕಿದ್ದ ಬೇರೆಯವರ ಮನೆಯ ಬಾಗಿಲು ಮುರಿದು ಹೋದಳು. ಮುರಿಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಗೆದ್ದು ಬಂದಳಾ ಎಂದು ಈಗಲೂ ಕೇಳುವವರಿದ್ದಾರೆ. ಗೆಲ್ಲಲಿಲ್ಲ. ನಾನು ಹೇಳಹೊರಟಿರುವುದು ಅವಳು ಹೋಗಿ ಮುಟ್ಟಿದ ಸಂಗತಿ.

ನಮ್ಮದು ಹೊಸೂರಿನಿಂದ ಮೂಡಲಿಗೆ, ತೊರಪಲ್ಲಿ ಅಗ್ರಹಾರದ ಕಡೆಯ ಊರು. ರಾಗಿ ಹೊಲ, ಎರಡು ಎಮ್ಮೆ. ಮಗ ಮೂಕಂಡಪಲ್ಲಿಯ ಹತ್ತಿರದ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವನಿಗೆ ಕನಕಪುರದ ಕಡೆಯಿಂದ ಹೆಣ್ಣು ತಂದೆವು. ಹೆಣ್ಣು ನೋಡಲು ಹೋದಾಗಲೇ ನಮ್ಮತ್ತೆ ನನ್ನ ಕಿವಿಯಲ್ಲಿ, “ಭುಜ ನೋಡೇ ಅವಳ್ದು, ನೇಗಿಲು ಹೊತ್ತಂಗೈತೆ” ಎಂದರು. ನಾನು ಒಪ್ಪಿದ್ದೇ ಆ ಭುಜ ನೋಡಿ. ಮನೆಗೆ ಬೇಕಾಗಿದ್ದದ್ದು ಬೊಂಬೆಯಲ್ಲ.

ಅವಳಿಗೆ ತಮಿಳು ಓದಲು ಬರುತ್ತಿರಲಿಲ್ಲ. ಹೊಸೂರು ಬಸ್‌ ಸ್ಟ್ಯಾಂಡಿನಲ್ಲಿ ಬೋರ್ಡೆಲ್ಲ ತಮಿಳು. ಬಂದ ಹೊಸದರಲ್ಲಿ ಒಂದು ದಿನ ತಳಿಯ ಬಸ್ಸು ಹತ್ತಿ ಜವಳಗಿರಿಯ ಕಾಡಿನ ತನಕ ಹೋಗಿ, ಆನೆ ದಾಟುತ್ತಿದೆ ಎಂದು ಬಸ್ಸು ನಿಂತಾಗ ಆನೆಯನ್ನೂ ನೋಡಿಕೊಂಡು, ಅದೇ ಬಸ್ಸಿನಲ್ಲಿ ವಾಪಸು ಬಂದಳು. ಅಳಲಿಲ್ಲ. ಮಾರನೆಯ ದಿನದಿಂದ ಬೋರ್ಡನ್ನು ಓದುವ ಗೋಜಿಗೇ ಹೋಗದೆ ಮೂವರನ್ನು ಕೇಳಿ, ಮೂವರೂ ಒಂದೇ ಹೇಳಿದರೆ ಹತ್ತುತ್ತಿದ್ದಳು. ಆಮೇಲೆ ಅವಳೂ ಅದೇ ಕಾರ್ಖಾನೆಗೆ ಸೇರಿದಳು.

ಕಾರ್ಖಾನೆಯಲ್ಲಿ ವರ್ಷಕ್ಕೊಂದು ಆಟದ ದಿನ. ಹೆಂಗಸರಿಗೆ ಚೆಂಬು ತಲೆಯ ಮೇಲಿಟ್ಟುಕೊಂಡು ಓಡುವುದು, ಸೂಜಿಗೆ ದಾರ ಪೋಣಿಸುವುದು. ಇವಳು ಹೋಗಿ ಗಂಡಸರ ಸಾಲಿನಲ್ಲಿ ನಿಂತು ಕಬ್ಬಿಣದ ಗುಂಡು ಎಸೆದಳು. ಅದು ಎಲ್ಲಿಗೆ ಹೋಗಿ ಬಿತ್ತೋ, ನಮ್ಮ ಮಗ ಆ ದಿನ ಮನೆಗೆ ಬಂದು ಹೆಂಡತಿಯ ಹತ್ತಿರ ಜೋರಾಗಿ ಮಾತಾಡಲಿಲ್ಲ.

ಆಮೇಲೆ ಅವಳಿಗೆ ಹುಚ್ಚು ಹಿಡಿಯಿತು. ಕೆಲಸದಿಂದ ಬಂದು, ಎಮ್ಮೆ ಹಾಲು ಕರೆದು, ನಮ್ಮ ಕಣದಲ್ಲಿ ನಿಂತು ಕತ್ತಲಾಗುವ ತನಕ ಗುಂಡು ಎಸೆಯುವುದು. ಕಣವೆಲ್ಲ ಗುಳಿಬಿತ್ತು. ಸಗಣಿ ಸಾರಿಸಿ ನುಣ್ಣಗೆ ಮಾಡಿದ್ದ ಕಣ. ನಮ್ಮತ್ತೆ ಜಗಲಿಯ ಮೇಲೆ ಕೂತು, “ಒಕ್ಕಣೆ ಟೈಮ್ನಾಗೆ ಈ ಗುಳೀಲಿರೋ ರಾಗಿ ಎಲ್ಲಾ ನೀನೇ ಆಯ್ಕೊಡ್ಬೇಕು” ಎನ್ನುವರು. ಅವಳು “ಆಯ್ತೀನಿ ಅಜ್ಜಿ” ಎಂದು ಇನ್ನೊಂದು ಎಸೆಯುವಳು. ಒಕ್ಕಣೆ ಬಂದಾಗ ಕೂತು ಆಯ್ದಳು ಕೂಡ.

ಎಂಬತ್ತರ ದಶಕದ ನಡುವಿನಲ್ಲಿ ಮದ್ರಾಸಿನಲ್ಲಿ ಎಸೆದು ಗೆದ್ದಳು. ಅದರ ಮೇಲೆ, ಬೇರೆ ಬೇರೆ ದೇಶದ ಕಾರ್ಮಿಕರಿಗಾಗಿ ಒಂದು ಪಂದ್ಯ, ವಿಯೆನ್ನಾ ಎಂಬ ಊರಿನಲ್ಲಿ, ನೀನು ಬಾ ಎಂದು ಕರೆ ಬಂತು. ಟಿಕೆಟ್ಟು ನಮ್ಮದು, ದಾರಿ ನೀನೇ ಆರಿಸಿಕೋ ಎಂದರು ಕಂಪನಿಯವರು. ಜೊತೆಗೆ ಯಾರೂ ಇಲ್ಲ. ಒಬ್ಬಳೇ.

ದಾರಿ ಮೂರು. ಆಫೀಸಿನವರು ಹೇಳಿದ್ದನ್ನು ಅವಳು ಮನೆಗೆ ಬಂದು ಮುದ್ದೆ ತಿರುವುತ್ತಾ ನಮಗೆ ಹೇಳಿದಳು. ಒಂದು, ಕೃಷ್ಣಗಿರಿಯ ಮೇಲೆ ಬಸ್ಸಿನಲ್ಲಿ ಮದ್ರಾಸಿಗೆ ಹೋಗುವುದು, ಅಲ್ಲಿ ವಿಮಾನ ಹತ್ತಿ ಬೊಂಬಾಯಿ, ಅಲ್ಲಿ ಇನ್ನೊಂದು ವಿಮಾನ. ಎರಡು, ಬೆಂಗಳೂರಿನಿಂದ ರೈಲಿನಲ್ಲಿ ದಿಲ್ಲಿ, ಅಲ್ಲಿಂದ ರಷ್ಯಾದ ಮಾಸ್ಕೋ, ಮಾಸ್ಕೋದಲ್ಲಿ ವಿಮಾನ ಬದಲಾಯಿಸಿದರೆ ನೇರ ವಿಯೆನ್ನಾದಲ್ಲೇ ಇಳಿಯಬಹುದು. ಮೂರು, ಬೆಂಗಳೂರಿನಿಂದ ರೈಲಿನಲ್ಲಿ ಬೊಂಬಾಯಿ, ಅಲ್ಲಿಂದ ವಿಮಾನದಲ್ಲಿ ಇಟಲಿಯ ರೋಮ್, ಅಲ್ಲಿಂದ ಬೆಟ್ಟಗಳ ನಡುವೆ ಹೋಗುವ ರೈಲಿನಲ್ಲಿ ವಿಯೆನ್ನಾ.

ನಮ್ಮತ್ತೆ ನಡುವೆ ಬಾಯಿ ಹಾಕಿ ಕೇಳಿದರು. “ಆ ಊರು ಯಾವ ದಿಕ್ಕಿಗೈತೆ?”

“ಪಡುವಲಿಗೆ ಅಜ್ಜಿ.”

“ಮದ್ರಾಸು ಮೂಡಲಿಗಲ್ವೇನೆ? ಪಡುವಲಿಗೆ ಹೋಗೋಳು ಮೂಡಲಿಗ್ಯಾಕ್ ಹೋಗ್ತೀಯ, ಕಾಲು ಕೆರೀತದಾ?”

ಮದ್ರಾಸಿನ ದಾರಿ ಅಲ್ಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಅನ್ನಿಸಿತ್ತು.

ನಮ್ಮ ಮಗನಿಗೆ ದಿಲ್ಲಿಯ ದಾರಿ ಇಷ್ಟ. “ಅದ್ರಲ್ಲಿ ಹೋಗು. ಊರೊಳಗೇ ಇಳಿಸ್ತಾನೆ, ಆ ಕಡೆ ರೈಲು ಗೀಲು ತಾಪತ್ರಯ ಇಲ್ಲ” ಎಂದ.

“ಮಾಸ್ಕೋದಲ್ಲಿ ವಿಮಾನ ತಪ್ಪೋದ್ರೆ ಮುಂದಿಂದು ಯಾವಾಗ ಅಂತ ಕೇಳ್ದೆ,” ಎಂದಳು ಅವಳು. “ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ. ರೋಮಲ್ಲಿ ರೈಲು ತಪ್ಪೋದ್ರೆ ಅಂದೆ. ಇನ್ನೊಂದು ಇರ್ತದೆ, ಅದಕ್ಕೆ ಹತ್ಬೋದು ಅಂದ್ರು. ಹಿಂದೆ ಇನ್ನೊಂದು ಬರೋ ದಾರೀಲೇ ನಾನು ಹೋಗೋದು. ಅದೂ ಅಲ್ದೆ ದಿಲ್ಲಿ ತನಕ ಅಷ್ಟು ದಿನ ರೈಲಲ್ಲಿ ಮುದುರ್ಕೊಂಡು ಕೂತ್ರೆ ಭುಜ ಕಟ್ಕೊಂತದೆ.”

“ಅಲ್ಲಿ ಭಾಷೆ ಬರಲ್ವಲ್ಲ, ಯಾರ್ನ ಕೇಳ್ತೀಯ?” ಎಂದೆ ನಾನು.

“ಹೊಸೂರಿಗೆ ಬಂದಾಗ ಬರ್ತಿತ್ತಾ ಅತ್ತೆ? ಟಿಕೆಟ್ಟು ತೋರಿಸ್ತೀನಿ. ಮೂರು ಜನ ಒಂದೇ ರೈಲು ತೋರಿಸಿದ್ರೆ ಹತ್ತೀನಿ.”

ನಾನು ಓದಿದ್ದು ಎರಡನೇ ಕ್ಲಾಸು. ಓದಿದವರು ಎಷ್ಟೋ ಜನ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು ದೇಶ ದೇಶಗಳ ಮಾತಾಡಿ ಹೋಗಿದ್ದಾರೆ. ಹೋಗುವ ದಾರಿಯನ್ನು ಹೀಗೆ ಮುದ್ದೆಯ ಹಾಗೆ ಗಂಟಿಲ್ಲದೆ ತಿರುವಿ ತಟ್ಟೆಗೆ ಹಾಕಿದವರನ್ನು ನೋಡಿರಲಿಲ್ಲ.

ತೊಂದರೆ ಬಂದದ್ದು ವಾರದಿಂದ. ಬೊಂಬಾಯಿಯ ವಿಮಾನ ಹಿಡಿಯಬೇಕಾದರೆ ಶುಕ್ರವಾರ ಸಂಜೆಯ ರೈಲನ್ನೇ ಹತ್ತಬೇಕು. ಅದು ತಪ್ಪಿದರೆ ಆ ವಿಮಾನ ಇಲ್ಲ. ಮುಂದಿನ ವಿಮಾನಕ್ಕೆ ಕಾದರೆ ಪಂದ್ಯವೇ ಮುಗಿದಿರುತ್ತದೆ. ಶುಕ್ರವಾರವೋ, ಪಡುವಲಿಗೆ ಶೂಲೆ. ಆ ದಿನ ಆ ದಿಕ್ಕಿಗೆ ಹೊರಡಬಾರದು ಎಂದು ನಮ್ಮಲ್ಲಿ. ನಮ್ಮತ್ತೆ ಬಾಗಿಲಿಗೆ ಅಡ್ಡ ಮಲಗುವ ಜಾತಿ.

ಇಂಥದಕ್ಕೆ ದೊಡ್ಡವರು ಒಂದು ಉಪಾಯ ಇಟ್ಟಿದ್ದಾರೆ, ಅದೇ ಪರಸ್ತಾನ. ಒಳ್ಳೆಯ ವಾರ ನೋಡಿ, ಹೋಗುವವರ ಒಂದು ವಸ್ತುವನ್ನು ಮೊದಲೇ ಆ ದಿಕ್ಕಿಗೆ ಕಳಿಸಿ ಬೇರೊಬ್ಬರ ಮನೆಯಲ್ಲಿ ಇಡುವುದು. ವಸ್ತು ಹೊಸ್ತಿಲು ದಾಟಿದರೆ ಮನುಷ್ಯರೂ ಆಗಲೇ ಹೊರಟ ಲೆಕ್ಕ. ಶುಕ್ರವಾರ ನಾವು ಹೋಗುವುದು ಪ್ರಯಾಣವಲ್ಲ, ಬರೀ ಮುಂದುವರಿಕೆ. ಇಟ್ಟದ್ದನ್ನು ಮಾತ್ರ ಮತ್ತೆ ಮನೆಗೆ ತರಕೂಡದು.

ಸೊಸೆ ಒಂದು ಸೀರೆ ಮಡಿಸಿ ಕೊಟ್ಟಳು. ನಮ್ಮತ್ತೆ ತಳ್ಳಿಬಿಟ್ಟರು. “ಸೀರೆ ಇಟ್ರೆ ಸೀರೆ ಹೋಯ್ತದೆ, ನೀನು ಹೋಗಲ್ಲ. ಯಾವುದಿಲ್ದೆ ಹೋಗಕ್ಕಾಗಲ್ವೋ ಅದನ್ನ ಇಡು.”

ಯಾವುದಿಲ್ಲದೆ ಹೋಗಲಾಗುವುದಿಲ್ಲ? ಪಾಸ್‌ಪೋರ್ಟು, ಟಿಕೆಟ್ಟು. ಎಲ್ಲರೂ ಸರಿ ಎಂದೆವು. ಒಬ್ಬರಿಗೂ ಅನುಮಾನ ಬರಲಿಲ್ಲ. ಎರಡನ್ನೂ ಒಂದು ಕೈಚೀಲದಲ್ಲಿ ಹಾಕಿ, ಎಲೆ ಅಡಿಕೆ ಇಟ್ಟು, ಬುಧವಾರ ಮಗ ಮೂಕಂಡಪಲ್ಲಿಗೆ ತೆಗೆದುಕೊಂಡು ಹೋದ. ಅಲ್ಲಿ ಅವರಿಬ್ಬರ ಜೊತೆ ಕೆಲಸ ಮಾಡುವ, ಕೋಲಾರದ ಕಡೆಯಿಂದ ಬಂದ ಗಂಡ ಹೆಂಡತಿಯ ಬಾಡಿಗೆ ಮನೆ. ನಮ್ಮೂರಿಗೆ ಸರಿಯಾಗಿ ಪಡುವಲು, ಬೆಂಗಳೂರಿನ ದಾರಿಯಲ್ಲೇ. ಚೀಲವನ್ನು ಅವರ ದೇವರ ಗೂಡಿನ ಕೆಳಗೆ ಇಟ್ಟು ಬಂದ.

ಶುಕ್ರವಾರ ಬೆಳಿಗ್ಗೆ ನಾವು ಮೂವರೂ, ಮಗ, ಸೊಸೆ, ನಾನು, ಹುರಿಹಿಟ್ಟಿನ ಡಬ್ಬಿ, ಟ್ರಂಕು ಹೊತ್ತು ಮೂಕಂಡಪಲ್ಲಿಯಲ್ಲಿ ಇಳಿದೆವು. ಆ ಮನೆಗೆ ಬೀಗ.

ಪಕ್ಕದ ಮನೆಯ ತಮಿಳಿನ ಹೆಂಗಸು ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಳು. ನಿನ್ನೆ ಸಂಜೆ ತಂತಿ ಬಂತು, ಆ ಮನೆಯ ಹೆಂಗಸಿನ ಅಪ್ಪ ತೀರಿಕೊಂಡರು, ಇಬ್ಬರೂ ಹಾಗೇ ಹೋದರು, ಹಾಲು ತುಪ್ಪ ಮುಗಿಸಿಕೊಂಡು ಬರುತ್ತಾರೆ ಎಂದಳು. ಬೀಗದ ಕೈ? ಅವರ ಸೊಂಟದಲ್ಲೇ.

ನಮ್ಮ ಮಗ ಮೆಟ್ಟಿಲ ಮೇಲೆ ಕೂತುಬಿಟ್ಟ. “ನಾನು ಕೋಲಾರಕ್ಕೆ ಹೋಗಿ ಕೀ ತತ್ತೀನಿ.”

“ಯಾವೂರು ಅಂತ ಗೊತ್ತೇನ್ಲಾ?” ಎಂದೆ.

“ಕೋಲಾರದ ಹತ್ರ ಯಾವ್ದೋ ಹಳ್ಳಿ.”

“ಹುಡುಕ್ಕೊಂಡು ಬಾ. ನೀನು ಬರೋ ಹೊತ್ಗೆ ಇವಳು ಮುದುಕಿ ಆಗಿರ್ತಾಳೆ.”

ಸೊಸೆ ನಮ್ಮಿಬ್ಬರ ಮಾತನ್ನು ಕೇಳುತ್ತಿರಲಿಲ್ಲ. ಬಾಗಿಲನ್ನು ನೋಡುತ್ತಿದ್ದಳು. ಬೀಗವನ್ನು ಹಿಡಿದು ಒಂದು ಸಲ ಎಳೆದಳು. ಗಟ್ಟಿ ಬೀಗ. ಆಮೇಲೆ ಚಿಲಕ ಕೂರಿಸಿದ ಮರವನ್ನು ಬೆರಳಿನಿಂದ ಒತ್ತಿದಳು. ಬಾಡಿಗೆ ಮನೆಯ ಬಾಗಿಲು, ಮರ ಪುಸಪುಸ ಎನ್ನುತ್ತಿತ್ತು. ಎದುರಿಗೆ ಯಾರೋ ಮನೆ ಕಟ್ಟಿಸಲು ಪಾಯಕ್ಕೆ ಕಲ್ಲು ಹಾಕಿಸಿದ್ದರು. ಹೋಗಿ ಒಂದನ್ನು ಎತ್ತಿ ನೋಡಿ ಬಿಟ್ಟಳು. ಇನ್ನೊಂದು. ಮೂರನೆಯದನ್ನು ಎಡಗೈಯಲ್ಲಿ ತೂಗಿ ನೋಡಿ ತಂದಳು.

“ಬೇಡ ಕಣೇ, ಕೇಸಾಗ್ತದೆ,” ಎಂದ ಮಗ.

“ಆದ್ರೆ ಬಂದ್ಮೇಲೆ ಆಗ್ಲಿ. ಅತ್ತೆ, ಆ ಕಡೆ ಸರೀರಿ.”

ಎಡಗೈಯಲ್ಲೇ ಹೊಡೆದಳು. ಮೊದಲ ಏಟಿಗೆ ಮರ ಬಿರಿಯಿತು. ಎರಡನೆಯ ಏಟಿಗೆ ಬೀಗ ಬೀಗವಾಗಿಯೇ ಇದ್ದು, ಚಿಲಕ ಮೊಳೆಗಳ ಸಮೇತ ಕಿತ್ತುಕೊಂಡು ಬಂದು ನೇತಾಡಿತು. ಎಡಗೈ ಯಾಕೆ ಎಂದು ಆಮೇಲೆ ಕೇಳಿದ್ದಕ್ಕೆ, “ಬಲಗೈ ಅಲ್ಲಿಗೆ ಬೇಕಲ್ಲ ಅತ್ತೆ” ಎಂದಳು. ಅಷ್ಟು ಗಾಬರಿಯಲ್ಲೂ ಯಾವ ಕೈ ಎಂಬ ಲೆಕ್ಕ ತಪ್ಪಲಿಲ್ಲ ಅವಳಿಗೆ. ನಾನು ನನ್ನ ಜೀವನದಲ್ಲಿ ಯಾರನ್ನೂ ಬಾಯಿಬಿಟ್ಟು ಹೊಗಳಿದವಳಲ್ಲ. ಆ ಹೊತ್ತು ಹೊಗಳಬೇಕು ಅನ್ನಿಸಿತು. ಹೊಗಳಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ನಲ್ಲಿಯ ಹೆಂಗಸು ಕೊಡ ಬಿಟ್ಟು ಓಡಿ ಬಂದಳು. “ಎನ್ನಮ್ಮಾ ಇದು? ಪಟ್ಟಪಗಲ್ಲೇ ಮನೆ ಒಡೀತೀರಾ? ಪೋಲೀಸ್ ಕರೀತೀನಿ ನಾನು.”

“ಕರೆಯಮ್ಮ, ಕರೆ,” ಎಂದೆ. “ನಾನು ಇಲ್ಲೇ ಕೂತಿರ್ತೀನಿ. ಈ ಮನೆಯೋರು ಬರೋಗಂಟ ಎಲ್ಲೂ ಹೋಗಲ್ಲ. ಇವಳ್ನ ಮಾತ್ರ ಬಿಟ್ಬುಡು, ಇವಳು ದೂರ ಹೋಗ್ಬೇಕು.”

ಸೊಸೆ ಒಳಗೆ ಹೋಗಿ ದೇವರ ಗೂಡಿನ ಕೆಳಗಿನ ಚೀಲವನ್ನು ಮಾತ್ರ ತೆಗೆದುಕೊಂಡು, ಆ ಹೆಂಗಸಿನ ಮುಂದೆಯೇ ಬಿಚ್ಚಿ ತೋರಿಸಿದಳು. ಪಾಸ್‌ಪೋರ್ಟಿನಲ್ಲಿ ಅವಳ ಫೋಟೋ. ಆ ಹೆಂಗಸು ಫೋಟೋ ನೋಡಿದಳು, ಇವಳ ಮುಖ ನೋಡಿದಳು. ಎಲ್ಲಿಗೆ ಎಂದು ಕೇಳಿದಳು. ಗುಂಡು ಎಸೆಯೋಕೆ ಎಂದಾಗ ನೇತಾಡುತ್ತಿದ್ದ ಚಿಲಕವನ್ನು ಇನ್ನೊಮ್ಮೆ ನೋಡಿ, “ಆಮಾ, ತೆರಿಯುದು” ಎಂದಳು. ಗೊತ್ತಾಗುತ್ತೆ ಬಿಡು ಎಂದು ಅದರ ಅರ್ಥ. ಪೋಲೀಸಿನ ಮಾತು ಮತ್ತೆ ಎತ್ತಲಿಲ್ಲ.

ಸೊಸೆ ನನ್ನ ಕಾಲಿಗೆ ಬೀಳಲು ಬಂದಳು. “ಬಸ್ಸು ಬತ್ತಾ ಐತೆ, ಹೋಗು” ಎಂದೆ. ಇಬ್ಬರೂ ಓಡಿದರು. ಅವಳ ಕೈಯಲ್ಲಿ ಟ್ರಂಕು, ನಮ್ಮ ಮಗನ ಕೈಯಲ್ಲಿ ಹುರಿಹಿಟ್ಟಿನ ಡಬ್ಬಿ. ರಾತ್ರಿ ಅವನು ಒಬ್ಬನೇ ಮೂಕಂಡಪಲ್ಲಿಯ ಆ ಮನೆಗೇ ಬಂದು ರೈಲು ಹತ್ತಿಸಿದೆ ಎಂದ. ಕಿಟಕಿಯ ಪಕ್ಕದ ಜಾಗ, ಕೈ ಚಾಚಲು ಅನುಕೂಲ. ಅವನನ್ನು ಎಮ್ಮೆಗಳಿಗಾಗಿ ಊರಿಗೆ ಕಳಿಸಿ ನಾನು ಅಲ್ಲೇ ಉಳಿದೆ. ಬೀಗ ಹಾಕಲಾಗದ ಮನೆಯನ್ನು ಬಿಟ್ಟು ಹೋಗುವುದು ಹೇಗೆ?

ಮಾರನೆಯ ಬೆಳಿಗ್ಗೆ ಎದ್ದು, ಸಾವಿನ ಮನೆಯವರ ಬಾಗಿಲು ಬೋಳಾಗಿ ಕಂಡರೆ ಬೀದಿಯವರು ಏನೇನೋ ಅಂದುಕೊಂಡಾರು ಎಂದು ಮರದ ಚಕ್ಕೆಗಳನ್ನೆಲ್ಲ ಗುಡಿಸಿ, ಮುಂದೆ ನೀರು ಹಾಕಿದೆ. ಸೂತಕದ ಮನೆ, ರಂಗೋಲಿ ಬಿಡಲಿಲ್ಲ. ಪಕ್ಕದ ಹೆಂಗಸನ್ನು ಹೊಸ್ತಿಲಲ್ಲಿ ಕೂರಿಸಿ, ಹೊಸೂರಿಗೆ ಹೋಗಿ ಬಾಗಿಲು ಸರಿಮಾಡಲು ಒಬ್ಬ ಆಚಾರಿಯನ್ನು ಕರೆದುಕೊಂಡು ಬಂದೆ. ಅವಳು ವಿಯೆನ್ನಾ ಮುಟ್ಟಿದಳು; ರೋಮಿನಲ್ಲಿ ಮೂವರೂ ಒಂದೇ ರೈಲು ತೋರಿಸಿದರಂತೆ.