ಬರೀ ಸ್ಪಿರಿಟ್ ಹಾಕಿದ ಗುಳಿ

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಪೆರಂಬೂರಿನ ನಮ್ಮ ಮನೆಯ ಹತ್ತಿರ ರೈಲ್ವೆ ಗೋಡೆಯುದ್ದಕ್ಕೂ ಕುಪ್ಪಿ ಗಿಡ ಕಳೆಯಂತೆ ಬೆಳೆಯುತ್ತದೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಅದನ್ನೇ ಆರಿಸಿಕೊಂಡೆ. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿದೆ. ಫೆರಿಕ್ ಕ್ಲೋರೈಡ್ ಎರಡು ಹನಿ ಬಿಟ್ಟಾಗ ರಸ ಕಪ್ಪುನೀಲಿಗೆ ತಿರುಗಿತು. ಟ್ಯಾನಿನ್ ಇದೆ ಎಂದು ಬರೆದುಕೊಂಡೆ. ಆಮೇಲೆ ಕೀವು ತರಿಸುವ ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ ಸಣ್ಣ ಗುಳಿ ಕೊರೆದು ರಸ ತುಂಬಿದೆ. ಮಾರನೆಯ ದಿನ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾದ ಉಂಗುರ ಎದ್ದಿತ್ತು. ಕುಣಿಯುವಷ್ಟು ಖುಷಿಯಾಯಿತು. ಆದರೆ ಹೋಲಿಕೆಗೆಂದು ಪಕ್ಕದ ಗುಳಿಗೆ ಬರೀ ಸ್ಪಿರಿಟ್ ಹಾಕಿದ್ದೆನಲ್ಲ, ಅದರ ಸುತ್ತಲೂ ಹೆಚ್ಚುಕಡಿಮೆ ಅಷ್ಟೇ ಉಂಗುರ! ಕೊಂದದ್ದು ಎಲೆಯೋ ಸ್ಪಿರಿಟ್ಟೋ, ದೇವರೇ ಬಲ್ಲ.

ತಟ್ಟೆ ನೋಡಿದ ಗೈಡ್, "ಅದೆ ವಿಟ್ಟುಡು ಮಾ," ಎಂದರು. ಸ್ಪಿರಿಟ್ ಗುಳಿಯನ್ನು ಬಿಟ್ಟುಬಿಡಬೇಕಂತೆ! ಆ ಗುಳಿ ಕಾಣದ ಹಾಗೆ ಫೋಟೋ ಕತ್ತರಿಸಿ ರಿಪೋರ್ಟಿಗೆ ಅಂಟಿಸಿದವಳು ಮಾತ್ರ ನಾನೇ. ಅವರೊಬ್ಬರ ಮೇಲೆ ಗೂಬೆ ಕೂರಿಸಲಾರೆ. ನನಗೂ ಮಾರ್ಕ್ಸ್ ಬೇಕಿತ್ತು.

ಕೋರ್ಸ್ ಮುಗಿಸಿ ಶೋಳಿಂಗನಲ್ಲೂರಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ರೂಮು ಮಾಡಿಕೊಂಡಿದ್ದೆ. ಸಕ್ಕರೆ ಕಾಯಿಲೆಯ ಅಮ್ಮನಿಗೆ ಚಪ್ಪಲಿ ಕಚ್ಚಿ ಕಾಲ್ಬೆರಳಲ್ಲಿ ಗಾಯವಾಗಿದೆ ಎಂದು ಫೋನಿನಲ್ಲಿ ಕೇಳಿದ್ದೆ. ಎರಡು ವಾರ ಬಿಟ್ಟು ಮನೆಗೆ ಹೋದರೆ ಬೆರಳು ಕಪ್ಪಗಾಗಿತ್ತು, ಮೇಲೆ ಹಸಿರು ಲೇಪ. ಡಾಕ್ಟರ್ ಕೊಟ್ಟ ಮಾತ್ರೆಗಳು ಹಾಗೇ ಇದ್ದವು.

ಅಪ್ಪ ನನ್ನ ರಿಪೋರ್ಟನ್ನೇ ತಂದು ತೋರಿಸಿದರು. "ನೀನೇ ಬರ್ದಿದೀಯಲ್ಲಮ್ಮಾ, ಕೀವಿನ ಕ್ರಿಮಿ ಸಾಯತ್ತೆ ಅಂತ. ಮಗಳು ಟೆಸ್ಟ್ ಮಾಡಿರೋದಕ್ಕಿಂತ ಆ ಮಾತ್ರೆ ದೊಡ್ಡದಾ?"

ಮೈಯೆಲ್ಲ ಉರಿದುಹೋಯಿತು. ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಬುಧವಾರ ಬೆರಳು ತೆಗೆದರು.

ಮರುದಿನ ವಾರ್ಡಿನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಳು. "ನಿಂದೇನೂ ತಪ್ಪಿಲ್ಲ ಕಣೇ. ನಾನೇ ಮಿಕ್ಸಿಗೆ ನೀರು ಜಾಸ್ತಿ ಹಾಕ್ಬಿಟ್ಟೆ, ಸತ್ವ ಹೋಯ್ತು. ಹೊಲಿಗೆ ಬಿಚ್ಚಿದ್ಮೇಲೆ ನೀನೇ ಅರ್ದು ಹಚ್ಚು. ನಿಂಗೆ ಹದ ಗೊತ್ತಲ್ಲ."

"ಬಾಯ್ಮುಚ್ಚಮ್ಮಾ!"

ಇಡೀ ವಾರ್ಡ್ ತಿರುಗಿ ನೋಡಿತು. ಅಮ್ಮ ಬೆಚ್ಚಿ ಕೈ ಬಿಟ್ಟಳು. ನನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅದನ್ನು ಅಂದು ಗೈಡ್ ಮುಂದೆ ಎತ್ತಬೇಕಿತ್ತು.