ಮುಕ್ಕಣ್ಣ ಮಷೀನಿಗೆ ಹೊಸ ಕಣ್ಣು

ಸವಣೂರಿನ ನಮ್ಮ ವಿಡಿಯೋ ಹಾಲ್‌ನ ಪ್ರೊಜೆಕ್ಟರಿಗೆ ಮೂರು ಲೆನ್ಸು. ಕೆಂಪು, ಹಸಿರು, ನೀಲಿ ಬೆಳಕು ಒಂದೊಂದರಿಂದ ಹೊರಟು ಪರದೆಯ ಮೇಲೆ ಕೂಡಿ ಚಿತ್ರವಾಗುತ್ತಿತ್ತು. ಎಂಬತ್ತರ ದಶಕದ ಕೊನೆಗೆ, ಯಾರೋ ಬಳಸಿ ಬಿಟ್ಟದ್ದನ್ನು ನನ್ನ ಗಂಡ ಮುಂಬಯಿಯಿಂದ ತಂದಿದ್ದರು. ಅತ್ತೆಗೆ ಮಾತ್ರ ಅದು ಸಾಕ್ಷಾತ್ ಮುಕ್ಕಣ್ಣ. ಪ್ರತಿ ಸೋಮವಾರ ಮೂರೂ ಲೆನ್ಸಿಗೆ ವಿಭೂತಿ ಬಳಿಯುವರು. ಆಟಕ್ಕೆ ಮುಂಚೆ, ಒಣಗಿದ್ದನ್ನು ಸೆರಗಿನಿಂದ ತಿಕ್ಕಿ ಒರೆಸುವರು. ಲೆನ್ಸು ಪ್ಲಾಸ್ಟಿಕ್ಕಿನದೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಗೀರು ಬಿದ್ದೂ ಬಿದ್ದೂ ಪರದೆಯ ಮೇಲೆ ನಾಯಕಿ ಯಾವುದು, ಹೊಗೆ ಯಾವುದು ತಿಳಿಯದಂತಾಯಿತು.

“ದೀಪಾವಳಿ ತನಕ ನೋಡ್ತೇನಿ. ಆಮ್ಯಾಲ ಇದನ್ನ ಗುಜರಿಗೆ ಹಾಕಿ, ಹಾಲ್‌ನಾಗ ಗೊಬ್ಬರದ ಚೀಲ ಇಡೂದ,” ಎಂದರು ಗಂಡ.

ನನಗೆ ಸಿಟ್ಟು ನೆತ್ತಿಗೇರಿತು. ಆ ಹಾಲ್‌ನ ಬಾಗಿಲಲ್ಲಿ ಟಿಕೆಟ್ ಹರಿಯುವವಳು ನಾನು. ಮದುವೆಯಾಗಿ ಬಂದ ಮೇಲೆ ಒಲೆ ಬಿಟ್ಟರೆ ನನ್ನದು ಅಂತ ಇದ್ದ ಜಾಗ ಅದೊಂದೇ. ಬಿಡಂಗಿಲ್ಲ ಅಂದೆ.

ಹಳೇ ಲೆನ್ಸೊಂದನ್ನು ಬಿಚ್ಚಿ, ಸೀರೆಯಲ್ಲಿ ಸುತ್ತಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಶಿಗ್ಗಾವಿಯಲ್ಲಿ ಸೀಟು ಸಿಗುವವರೆಗೂ ಅದನ್ನು ಅವುಚಿಕೊಂಡೇ ನಿಂತಿದ್ದೆ.

ಹಳೇ ಬಿಡಿಭಾಗ ಮಾರುವ ಅಂಗಡಿಯವನು ರಾಶಿಯಿಂದ ಮೂರು ಲೆನ್ಸು ತೆಗೆದಿಟ್ಟ. “ಎಲ್ಲಾ ಒಂದ ಅಳತಿ ಅದಾವ್ರಿ ಅಕ್ಕಾರ.”

ನೋಡಲು ಹಾಗೆಯೇ ಇದ್ದವು. ಆದರೆ ಮನೆಯಲ್ಲಿ ಒಂದು ಸಂಗತಿ ಕಂಡುಕೊಂಡಿದ್ದೆ: ಲೆನ್ಸನ್ನು ಬಾಗಿಲಿಗೆ ಎದುರು ಹಿಡಿದರೆ, ಹಿಂದೆ ಹಿಡಿದ ಕಾಗದದ ಮೇಲೆ ಬೀದಿ ತಲೆಕೆಳಗಾಗಿ ಮೂಡುತ್ತದೆ. ಹಳೆಯದರ ಪಕ್ಕ ಒಂದೊಂದನ್ನೇ ಹಿಡಿದೆ. ಎದುರಿನ ಚಹಾದಂಗಡಿ ಒಂದರಲ್ಲಿ ದೊಡ್ಡದು, ಇನ್ನೊಂದರಲ್ಲಿ ಸಣ್ಣದು. ಇವನ್ನು ಹಾಕಿದರೆ ಪರದೆಯ ಮೇಲೆ ಕೆಂಪು ಮೂಗು ಒಂದು ಕಡೆ, ನೀಲಿ ಮೂಗು ಇನ್ನೊಂದು ಕಡೆ!

“ಇವು ಬ್ಯಾಡ್ರಿ. ಬ್ಯಾರೆ ತಗೀರಿ.”

“ಏನ್ರಿ ಅಕ್ಕಾರ, ಸೊಸಿ ನೋಡಾಕ ಬಂದಂಗ ನೋಡಾಕತ್ತೀರಲ್ಲ!”

“ಸೊಸೀನ್ನ ಇಷ್ಟು ಯಾರೂ ನೋಡಂಗಿಲ್ಲ. ತಗೀರಿ.”

ರಾಶಿ ಪೂರಾ ನೆಲಕ್ಕಿಳಿಯಿತು. ಅವನ ಊಟ ತಡವಾಯಿತು, ನನ್ನ ಬಸ್ಸು ತಪ್ಪಿತು. ಕೊನೆಗೆ ಚಹಾದಂಗಡಿ ಮೂರರಲ್ಲೂ ಒಂದೇ ಅಳತೆಗೆ ನಿಂತಿತು. ಅವೂ ಪ್ಲಾಸ್ಟಿಕ್ಕಿನವೇ.

ದೀಪಾವಳಿಗೆ ಮುಂಚಿನ ಸೋಮವಾರ ಅವನ್ನು ಕೂಡಿಸಿದೆವು. ಬೆಂಚುಗಳು ತುಂಬಿದ್ದವು. ಅತ್ತೆ ವಿಭೂತಿ ಕಲಸಿದ ತಟ್ಟೆ ಹಿಡಿದು ಬಂದು ಲೆನ್ಸಿಗೆ ಕೈ ಚಾಚಿದರು. ನಾನು ಆ ಕೈ ಹಿಡಿದೆ. ಅತ್ತೆಯ ಕೈಯನ್ನು ಸೊಸೆ ತಡೆದದ್ದು ಕಂಡು ಹಿಂದಿನ ಬೆಂಚಿನವರು ಎದ್ದು ನಿಂತರು. ನಾನು ಬಿಡಲಿಲ್ಲ.

“ಬ್ಯಾಡ್ರಿ ಅತ್ತಿ, ಒರಸೂಮುಂದ ಗೀರು ಬೀಳ್ತಾವ. ಹಚ್ಚೂದಿದ್ರ ನನ್ನ ಹಣೀಗೆ ಹಚ್ಚರಿ.”

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಕೈ ಬಿಡಿಸಿಕೊಂಡು, ನನ್ನ ತಲೆ ಹಿಂದಕ್ಕೆ ವಾಲುವಷ್ಟು ಒತ್ತಿ ಮೂರು ಬೆರಳು ಎಳೆದರು. “ಇನ್ನ ಚಾಲೂ ಮಾಡ,” ಎಂದು ಮುಂದಿನ ಬೆಂಚಿನಲ್ಲಿ ಕುಳಿತರು.

ಪರದೆಯ ಮೇಲಿನ ಹೆಣ್ಣಿಗೆ ಒಂದೇ ಮೂಗಿತ್ತು. ಬಾಗಿಲಲ್ಲಿ ಗಂಡ ಟಿಕೆಟ್ ಹರಿಯುತ್ತಿದ್ದರು. ನೆಟ್ಟಗೆ ಹೋಗಿ ಟಿಕೆಟ್ ಕಟ್ಟನ್ನು ಅವರ ಕೈಯಿಂದ ಇಸಿದುಕೊಂಡೆ.