ಏಕತಾರಿಗೆ ಕರೆಂಟು

ಎಲೆಕ್ಟ್ರಿಕ್ ಗಿಟಾರನ್ನು ನಾನು ಕೊಂಡದ್ದು ವಾಡಿಯಲ್ಲಿ, ವರ್ಗವಾಗಿ ಹೊರಟಿದ್ದ ಒಬ್ಬ ರೈಲ್ವೆ ನೌಕರನಿಂದ. ಕೆಂಪು ಬಣ್ಣದ್ದು. ಚಿತ್ತಾಪುರದ ಮನೆಗೆ ತಂದಾಗ ಅವ್ವ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದಳು. ಅಪ್ಪ ಮಾತ್ರ ಅದನ್ನು ತಿರುಗಿಸಿ ಮುರುಗಿಸಿ, ಬೆನ್ನಿಗೆ ಬೆರಳಿನಿಂದ ಬಡಿದು ನೋಡಿದ.

“ಇದಕ ಹೊಟ್ಟಿನೇ ಇಲ್ಲಲ್ಲೋ. ದನಿ ಎಲ್ಲಿಂದ ಬರ್ತದ?”

ಅವನ ಏಕತಾರಿಗೆ ಒಣಗಿದ ಸೋರೆಬುರುಡೆಯ ಹೊಟ್ಟೆ ಇತ್ತು. ನಮ್ಮ ಓಣಿಯ ಮಠದಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ. ಅಲ್ಲಿ ನಲವತ್ತು ವರ್ಷದಿಂದ ಆ ಒಂದೇ ತಂತಿಯನ್ನು ಮೀಟುತ್ತ ಬಂದವನು ಅವನು. ಅವನು ಮೀಟುವ ತನಕ ಯಾರೂ ಬಾಯಿ ತೆರೆಯಬಾರದು ಎಂಬುದು ಮೇಳದ ರೂಢಿ.

ನಾನು ದೊಡ್ಡ ಪಂಡಿತನ ಹಾಗೆ ಅವನಿಗೆ ಇತಿಹಾಸ ಹೇಳಿದೆ. ಅಮೆರಿಕದಲ್ಲಿ ಕುಣಿತದ ಮೇಳಗಳು ದೊಡ್ಡವಾದವು; ತುತ್ತೂರಿ, ಡ್ರಮ್ಮುಗಳ ಗದ್ದಲದಲ್ಲಿ ಗಿಟಾರಿನವನ ಕೈ ಕಾಣುತ್ತಿತ್ತೇ ಹೊರತು ತಂತಿ ಕೇಳುತ್ತಿರಲಿಲ್ಲ. ಕೊನೆಗೆ ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ ಇಟ್ಟು, ಅದಕ್ಕೆ ತಾಮ್ರ ಸುತ್ತಿ, ತಂತಿಯ ನಡುಕವನ್ನೇ ಕರೆಂಟು ಮಾಡಿ ಸ್ಪೀಕರಿಗೆ ಕಳಿಸಿದರು. ಸ್ಪೀಕರಿನ ದನಿಗೆ ಪೊಳ್ಳು ಹೊಟ್ಟೆ ತಾನೂ ಊಳಿಡತೊಡಗಿದಾಗ ಹೊಟ್ಟೆಯನ್ನೇ ತೆಗೆದು ಗಟ್ಟಿ ಹಲಗೆ ಹಾಕಿದರು. ಅಲ್ಲಿಂದ ಮುಂದೆ ಹಿಂದಿನ ಸಾಲಿನವ ಮುಂದಕ್ಕೆ ಬಂದ. ಎಷ್ಟೋ ಕಡೆ ಹಾಡುವವನಿಗಿಂತ ದೊಡ್ಡವನಾದ. ನಮ್ಮ ಸಿನಿಮಾ ಹಾಡಿಗೂ, ಸೇಡಂನ ಮದುವೆ ಆರ್ಕೆಸ್ಟ್ರಾಕ್ಕೂ ಆ ಗಾಳಿ ಬೀಸಿತು.

“ಅಂದ್ರ, ಯಾರಿಗೂ ಕೇಳಸಲಾರದವನ ಸಿಟ್ಟಿನಿಂದ ಹುಟ್ಟ್ಯದ ಅನ್ನು,” ಎಂದ ಅಪ್ಪ.

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಮುಂದಿನ ಸೋಮವಾರವೇ ಗಿಟಾರು ಹೊತ್ತು ಮಠಕ್ಕೆ ಹೋದೆ. ಅಲ್ಲಿಗೆ ಕೀಬೋರ್ಡು ಆಗಲೇ ಬಂದು ಕುಳಿತಿತ್ತು. ನಾನೂ ಸೇರಿಕೊಂಡು ವಚನಕ್ಕೂ ತತ್ವಪದಕ್ಕೂ ಭೇದವಿಲ್ಲದೆ ಝಣಝಣ ಬಾರಿಸಿದೆ. ಜನ ಮೆಚ್ಚಿದರು. ಶಹಾಬಾದಿನಿಂದ, ದೂರದ ಚಿಂಚೋಳಿಯಿಂದ ಕರೆ ಬಂದವು. ಮೇಳವನ್ನು ಉದ್ಧಾರ ಮಾಡಿದವನೇ ನಾನು ಎಂದು ಒಂದು ವರ್ಷ ಎದೆ ಉಬ್ಬಿಸಿಕೊಂಡು ತಿರುಗಿದೆ.

ರೂಢಿಯನ್ನು ಮಾತ್ರ ನಾವು ಬಿಟ್ಟಿರಲಿಲ್ಲ. ಅಪ್ಪ ಮೀಟಿದ ಮೇಲೆಯೇ ಹಾಡು. ಆದರೆ ಕೀಬೋರ್ಡಿನವ ಮೊದಲೇ ಒಂದು ಸ್ವರ ಒತ್ತಿ ಹಿಡಿದಿರುತ್ತಿದ್ದ, ಅದರ ಮುಂದೆ ಏಕತಾರಿ ಕೇಳುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಅಪ್ಪನ ಬೆರಳು ನೋಡಿ ಶುರು ಮಾಡುತ್ತಿದ್ದರು.

ಒಂದು ಸೋಮವಾರ ನನ್ನ ಕಣ್ಣೂ ಆ ಬೆರಳಿನ ಮೇಲೆ ನಿಂತಿತು. ಅದು ತಂತಿಯನ್ನು ಮುಟ್ಟುತ್ತಲೇ ಇರಲಿಲ್ಲ. ತಂತಿಯಿಂದ ಒಂದು ಅಂಗುಲ ಆಚೆ, ತಾಳ ತಪ್ಪದೆ, ಗಾಳಿಯನ್ನು ಮೀಟುತ್ತಿತ್ತು. ಮಂಗಳಾರತಿಯ ತನಕ ಹಾಗೆಯೇ. ಯಾರಿಗೂ ಗೊತ್ತಾಗಲಿಲ್ಲ. “ಇವತ್ತ ಭಾಳ ಛಲೋ ಆತು ನೋಡ್ರಿ,” ಎನ್ನುತ್ತ ಎದ್ದರು. ನನಗೆ ನಾಚಿಕೆಯಾಯಿತು. ದಾರಿಯಲ್ಲಿ ಕೇಳಿದೆ.

“ಯಾಕ ಮೀಟಲಿಲ್ಲಪ್ಪಾ?”

“ಮೀಟಿದ್ರೇನು, ಬಿಟ್ರೇನು? ಇನ್ನ ನಾ ಬರಂಗಿಲ್ಲ. ಬೆರಳ ತೋರಸಾಕ ಯಾರರೆ ಕುಂದರಲಿ.”

ಮರುದಿನ ಗಿಟಾರನ್ನು ಶಹಾಬಾದಿನ ಒಂದು ಮೋಟಾರು ವೈಂಡಿಂಗ್ ಅಂಗಡಿಗೆ ಒಯ್ದೆ. ತಂತಿಗಳ ಕೆಳಗಿನ ಅಯಸ್ಕಾಂತದ ಪಟ್ಟಿಯನ್ನು ಬಿಚ್ಚಿಕೊಡಲು ಹೇಳಿದೆ. ಅಂಗಡಿಯವನಿಗೆ ಭಾರಿ ಖುಷಿ. “ಇದರಾಗೂ ನಮ್ಮ ಮೋಟಾರದ ಸುರುಳಿನೇ ಅದಲ್ರಿ!” ಎನ್ನುತ್ತ ನನ್ನ ಕೆಂಪು ಗಿಟಾರಿನ ಕರುಳು ಕಿತ್ತು ಕೈಗಿಟ್ಟ. ಅದನ್ನು ಏಕತಾರಿಯ ಕೋಲಿಗೆ, ತಂತಿಯ ಕೆಳಗೆ, ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು ಸ್ಪೀಕರಿಗೆ ಜೋಡಿಸಿದೆ. ಅಮೆರಿಕದವರು ಎಂದೋ ಮಾಡಿ ಮುಗಿಸಿದ್ದನ್ನು ನಾನು ಈಗ ಹೊಸದಾಗಿ ಕಂಡುಹಿಡಿದಿದ್ದೆ, ಅದೂ ನಾನೇ ಎಬ್ಬಿಸಿದ ಗದ್ದಲಕ್ಕೆ ಮದ್ದಾಗಿ. ಮನೆಯಲ್ಲಿ ಒಮ್ಮೆ ಮೀಟಿ ನೋಡಿದೆ. ಸಂಗೀತಗಾರನಾದ ನನ್ನ ಕಿವಿಗೆ ಎಲ್ಲ ಸರಿಯಾಗಿಯೇ ಕೇಳಿಸಿತು.

ಸೋಮವಾರ ಅಪ್ಪ ಒಲ್ಲೆ ಎಂದ. ಅವ್ವ ಬೈದು ಹೊರಡಿಸಿದಳು. ಮಠದಲ್ಲಿ ಕೀಬೋರ್ಡಿನವ ಎಂದಿನಂತೆ ಸ್ವರ ಒತ್ತಿ ಹಿಡಿದ, ಎಲ್ಲರೂ ಎಂದಿನಂತೆ ಬೆರಳಿನತ್ತ ನೋಡಿದರು. ಅಪ್ಪ ಈ ಸಲ ನಿಜವಾಗಿ ಮೀಟಿದ. ಇಡೀ ಮಠ ಗುಂಯ್ ಎಂದಿತು. ಹಾಡಲು ತೆರೆದ ಬಾಯಿಗಳು ಹಾಗೆಯೇ ನಿಂತವು. ಎರಡು ಸ್ವರ ಒಂದಕ್ಕೊಂದು ಕೂಡದೆ ಜಗಳಕ್ಕೆ ಬಿದ್ದಿದ್ದವು.

“ಕಾಕಾ, ತಂತಿ ಇಳದದ ನೋಡ್ರಿ,” ಎಂದ ಕೀಬೋರ್ಡಿನವ.

ಅಪ್ಪ ಅವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

“ಇಳದು ವರ್ಷಾತು. ಇವತ್ತ ಕೇಳಸ್ತೇನು?”

ಆ ವರ್ಷವಿಡೀ ನಾನು ಅವನ ಮಗ್ಗುಲಲ್ಲೇ ಕುಳಿತಿದ್ದೆ. ಅಪ್ಪ ಏಕತಾರಿಯನ್ನು ಕಿವಿಗೆ ಹಚ್ಚಿಕೊಂಡು ಬಿರಡೆ ತಿರುವತೊಡಗಿದ. ಕೀಬೋರ್ಡಿನವ ಕೈ ತೆಗೆದ. ಮೇಳವೆಲ್ಲ ಕಾಯುತ್ತ ಕುಳಿತಿತ್ತು. ಅಪ್ಪನಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ.